ಮಲಗು ಎನ್ನದೆ ಜೊತೆಗಿದ್ದ ಅತ್ತಿಗೆಗೆ

ನಿದ್ದೆಯ ಮಾತ್ರೆ ಈ ತಿಂಗಳು ಪೂರ್ತಿಯಾಗಿ ನಿಂತಿತು. ಇಂಥ ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ನಿದ್ರಾಹೀನತೆ ಮೊದಲಿಗಿಂತ ಜೋರಾಗಿ ಮರಳುವುದುಂಟು. ಅದಕ್ಕೇ ವೈದ್ಯರು ಅವಸರ ಮಾಡದೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಬಂದರು. ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಯ ಔಷಧಿ ಮಾತ್ರ ಹಾಗೆಯೇ ಮುಂದುವರಿಯುತ್ತದೆ, ಮುಂದುವರಿಯಲೇಬೇಕು. ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿರುವುದರಿಂದ ಅದನ್ನು ಇಲ್ಲಿ ಬಿಟ್ಟುಬಿಡುತ್ತೇನೆ. ರಾತ್ರಿಗಳ ವಿಷಯವನ್ನು ಮಾತ್ರ ಯಾರಿಗೂ ಸರಿಯಾಗಿ ಹೇಳಿರಲಿಲ್ಲ.

ಹಗಲು ಹೇಗೋ ಕಳೆದುಹೋಗುತ್ತಿತ್ತು. ಕತ್ತಲಾಗುತ್ತಿದ್ದಂತೆ ತಲೆಯೊಳಗೆ ಲೆಕ್ಕ ಶುರುವಾಗುತ್ತಿತ್ತು: ಈಗ ನಿದ್ದೆ ಬಂದರೆ ಆರು ಗಂಟೆ ಸಿಗುತ್ತದೆ, ಈಗ ಬಂದರೆ ನಾಲ್ಕು, ಈಗಲಾದರೂ ಬಂದರೆ ಎರಡು. ಬೈಪೋಲಾರ್ ಇರುವವರಿಗೆ ಈ ಲೆಕ್ಕ ಸುಮ್ಮನೆ ಹುಟ್ಟುವುದಿಲ್ಲ. ನಿದ್ದೆ ಕಡಿಮೆಯಾಗುವುದು ಕಾಯಿಲೆ ಮರುಕಳಿಸುತ್ತಿರುವುದರ ಲಕ್ಷಣವೂ ಹೌದು, ಮರುಕಳಿಸಲು ಕಾರಣವೂ ಆಗಬಹುದು. ಹೀಗಾಗಿ ನಿದ್ದೆ ಬರದಿದ್ದರೆ ಏನಾದೀತೋ ಎಂಬ ನನ್ನ ಭಯಕ್ಕೆ ಆಧಾರವಿತ್ತು, ಆ ಭಯವೇ ನಿದ್ದೆಯನ್ನು ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಕಷ್ಟಪಟ್ಟು ಕಣ್ಣು ಮುಚ್ಚಿದ ರಾತ್ರಿಗಳಲ್ಲಿ ಎದೆ ಡವಗುಟ್ಟಿ, ಉಸಿರು ಕಟ್ಟಿದಂತಾಗಿ ಥಟ್ಟನೆ ಎಚ್ಚರವಾಗುತ್ತಿತ್ತು. ನಿದ್ದೆಯಿಂದ ಎಬ್ಬಿಸುವ ಇಂಥ ಪ್ಯಾನಿಕ್ ಸಾಮಾನ್ಯವಾಗಿ ಕನಸಿನ ಹೊತ್ತಿನಲ್ಲಿ ಬರುವುದಿಲ್ಲ, ನಿದ್ದೆ ಆಳಕ್ಕೆ ಇಳಿಯುತ್ತಿರುವಾಗ ಬರುತ್ತದೆ. ಕೆಟ್ಟ ಕನಸು ಕಂಡೆ ಎಂದು ಸಮಾಧಾನ ಮಾಡಿಕೊಳ್ಳುವುದಕ್ಕೂ ಏನೂ ಇರುವುದಿಲ್ಲ.

ಆ ದಿನಗಳಲ್ಲಿ ಅಣ್ಣನ ಮನೆಯಲ್ಲಿದ್ದೆ. ಅಣ್ಣ ಕೆಲಸದ ಮೇಲೆ ಪರ ಊರಿಗೆ ಹೋಗಿದ್ದ ಒಂದು ರಾತ್ರಿ ಎಲ್ಲವೂ ಒಟ್ಟಿಗೆ ಬಂದು ಎರಗಿತು. ನನ್ನ ಕೋಣೆಯ ದೀಪ ಉರಿಯುತ್ತಿರುವುದನ್ನು ಕಂಡು ಅತ್ತಿಗೆ ಬಾಗಿಲು ತಟ್ಟಿದರು. ಅವರು ಶಾಲೆಯಲ್ಲಿ ಪಾಠ ಹೇಳುತ್ತಾರೆ. ಪರೀಕ್ಷೆ ಮುಗಿದ ಸಮಯ, ಬೆಳಿಗ್ಗೆ ಬೇಗ ಏಳಬೇಕಿತ್ತು. ನನ್ನ ಮುಖ ನೋಡಿದವರೇ ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತು ಕೇಳಿದರು: "ಸಾಯಬೇಕು ಎಂದು ಅನ್ನಿಸುತ್ತಿದೆಯೇ?"

ಅಷ್ಟು ನೇರವಾಗಿ ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ ಎಂದು ಮನೋವೈದ್ಯರು ಹೇಳುತ್ತಾರೆ, ಅಧ್ಯಯನಗಳೂ ಅದನ್ನೇ ತೋರಿಸಿವೆ. ನನ್ನ ಅನುಭವ ಹೇಳುವುದಾದರೆ, ಆ ಪ್ರಶ್ನೆ ಕಿವಿಗೆ ಬಿದ್ದ ಕ್ಷಣ ಎಷ್ಟೋ ವಾರಗಳಿಂದ ಒಬ್ಬನೇ ಹೊತ್ತಿದ್ದ ಭಾರವನ್ನು ಇನ್ನೊಬ್ಬರು ಒಂದು ಬದಿಯಿಂದ ಹಿಡಿದಂತಾಯಿತು. ಹೌದು ಎಂದೆ. ಅಳು ಬಂತು, ಬಹಳ ಹೊತ್ತು ಬಂತು. ಅತ್ತಿಗೆ ಗಾಬರಿಯಾಗಲಿಲ್ಲ, ಬುದ್ಧಿ ಹೇಳಲಿಲ್ಲ, ಅಮ್ಮನ ಮುಖ ನೆನೆದುಕೋ ಎನ್ನಲಿಲ್ಲ. ಎದ್ದು ನನ್ನ ಔಷಧಿಯ ಡಬ್ಬವನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು. ವೈದ್ಯರು ತುರ್ತಿಗೆಂದು ಕೊಟ್ಟಿದ್ದ ಸಂಖ್ಯೆಗೆ ನನ್ನ ಎದುರಿಗೇ ಕರೆ ಮಾಡಿದರು. ಬೆಳಗಿನವರೆಗೆ ಒಬ್ಬನನ್ನೇ ಬಿಡಬೇಡಿ, ಬೆಳಿಗ್ಗೆ ನೇರವಾಗಿ ಕರೆದುಕೊಂಡು ಬನ್ನಿ ಎಂದು ಅತ್ತಲಿಂದ ಹೇಳಿದರು.

ಉಳಿದ ರಾತ್ರಿಯನ್ನು ಕಳೆಯಬೇಕಿತ್ತು. ನಾನು ಇಂದಿಗೂ ಬೆರಗುಪಡುವುದು ಆಮೇಲಿನ ಗಂಟೆಗಳ ಬಗ್ಗೆ. ಯಾರೇ ಆದರೂ "ಸ್ವಲ್ಪ ಮಲಗು, ಸರಿಹೋಗುತ್ತದೆ" ಎನ್ನುತ್ತಿದ್ದರು. ಅತ್ತಿಗೆ ನನ್ನನ್ನು ಹಾಸಿಗೆಯಿಂದ ಎಬ್ಬಿಸಿ ಹೊರಗಿನ ಮೇಜಿನ ಮುಂದೆ ಕೂರಿಸಿದರು. ಗಡಿಯಾರವನ್ನು ಗೋಡೆಯಿಂದ ತೆಗೆದಿಟ್ಟರು. ತಮ್ಮ ಉತ್ತರಪತ್ರಿಕೆಗಳ ಕಟ್ಟನ್ನು ತಂದು, "ನಾನು ತಿದ್ದುತ್ತೇನೆ, ನೀನು ಅಂಕ ಕೂಡಿಸಿ ಕೊಡು" ಎಂದರು. ನಾಲ್ಕು, ಎರಡೂವರೆ, ಮೂರು, ಸೊನ್ನೆ, ಐದು. ನಡುಗುವ ಕೈಯಲ್ಲಿ ಪೆನ್ಸಿಲ್ ಹಿಡಿದು ಕೂಡಿಸಿದೆ. ಮನಸ್ಸು ಹಾರಿದಾಗೆಲ್ಲ ಮೊತ್ತ ಕೈತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಕೂಡಿಸುತ್ತಿದ್ದೆ. ಯಾವುದೋ ಹುಡುಗಿ ನದಿಯ ಚಿತ್ರವನ್ನು ಕೇಳದೇ ಬಿಡಿಸಿದ್ದಳು, ಅದನ್ನು ಇಬ್ಬರೂ ನೋಡಿದೆವು. ಉಸಿರು ಮತ್ತೆ ಬಿಗಿಯಾದಾಗ ಅವರು ಪೆನ್ನು ಕೆಳಗಿಟ್ಟು ನನ್ನೊಡನೆ ನಿಧಾನವಾಗಿ ಉಸಿರು ಬಿಡುತ್ತಿದ್ದರು, ಒಳಗೆಳೆದುಕೊಳ್ಳುವುದಕ್ಕಿಂತ ಉದ್ದವಾಗಿ. ಕಿಟಕಿಯಲ್ಲಿ ಬೆಳಕು ಕಂಡಾಗಲೂ ನಾವು ಕೂಡಿಸುತ್ತಲೇ ಇದ್ದೆವು. ಮಕ್ಕಳ ಅಂಕವೆಂದ ಮೇಲೆ, ಮರುದಿನ ಅಷ್ಟನ್ನೂ ಅವರು ಇನ್ನೊಮ್ಮೆ ಕೂಡಿಸಿ ನೋಡಿದರಂತೆ. ಎರಡು ರಾತ್ರಿಯ ಕೆಲಸವನ್ನು ನನಗಾಗಿ ಮೈಮೇಲೆ ಎಳೆದುಕೊಂಡಿದ್ದರು.

ಅವರು ಮಾಡಿದ್ದು ಎಷ್ಟು ಸರಿಯಾಗಿತ್ತೆಂದು ತಿಳಿದದ್ದು ಆಮೇಲೆ, ನಿದ್ರಾಹೀನತೆಗೆಂದೇ ಇರುವ ಸಿಬಿಟಿಯಲ್ಲಿ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಮಾತಿನ ಚಿಕಿತ್ಸೆಯಲ್ಲಿ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಈ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2016ರಲ್ಲೇ ಶಿಫಾರಸು ಮಾಡಿದೆ. ಎಚ್ಚರದಲ್ಲೇ ಹೊರಳಾಡಿ ಹೊರಳಾಡಿ ಮಿದುಳು ಹಾಸಿಗೆಯನ್ನೇ ಆತಂಕದ ಜಾಗವೆಂದು ಕಲಿತುಬಿಡುತ್ತದೆ. ಅದನ್ನು ಮರೆಸಬೇಕಾದರೆ ಸುಮಾರು 20 ನಿಮಿಷದಲ್ಲಿ ನಿದ್ದೆ ಬರದಿದ್ದರೆ ಎದ್ದು ಹೊರಗೆ ಬರಬೇಕು, ಮಂದ ಬೆಳಕಿನಲ್ಲಿ ಸಪ್ಪೆಯಾದ ಏನನ್ನಾದರೂ ಮಾಡಬೇಕು, ತೂಕಡಿಕೆ ಬಂದಾಗಲೇ ಮರಳಬೇಕು. ಗಡಿಯಾರ ನೋಡಬಾರದು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಹೊತ್ತು ಬದಲಾಗಬಾರದು. ಮನಶ್ಶಾಸ್ತ್ರಜ್ಞರು ಇದನ್ನೆಲ್ಲ ವಿವರಿಸುವಾಗ ಪಕ್ಕದಲ್ಲಿ ಕುಳಿತಿದ್ದ ಅತ್ತಿಗೆ ತಾವು ಇದನ್ನು ಎಲ್ಲಿಯೂ ಓದಿಲ್ಲ ಎಂದರು. ನಿದ್ದೆ ಮಾಡಲೇಬೇಕು ಎಂಬ ಹಟದಿಂದ ನನ್ನನ್ನು ಬಿಡಿಸಬೇಕು ಅನ್ನಿಸಿತು, ಅಷ್ಟೇ ಎಂದರು.

ಒಂದು ಎಚ್ಚರಿಕೆಯನ್ನೂ ಬರೆಯಬೇಕು, ನನ್ನಂಥ ಯಾರಾದರೂ ಇದನ್ನು ಓದುತ್ತಿರಬಹುದು. ಹಾಸಿಗೆಯಲ್ಲಿರುವ ಸಮಯವನ್ನೇ ಕಡಿತಗೊಳಿಸುವುದು ಈ ಚಿಕಿತ್ಸೆಯ ಇನ್ನೊಂದು ಭಾಗ. ಬೈಪೋಲಾರ್ ಇರುವವರಲ್ಲಿ ಅದು ಉನ್ಮಾದವನ್ನು ಕೆರಳಿಸಬಹುದು. ನನ್ನ ವಿಷಯದಲ್ಲಿ ಅದನ್ನು ಬಹಳ ಜೋಪಾನವಾಗಿ, ಮನೋವೈದ್ಯರನ್ನು ಕೇಳಿಯೇ ಮಾಡಿದರು. ದಯವಿಟ್ಟು ಇದನ್ನು ನೀವಾಗಿಯೇ ಪ್ರಯೋಗಿಸಬೇಡಿ.

ವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ, ಊರಿನಿಂದ ಓಡಿಬಂದ ಅಣ್ಣನಿಗೆ, ದಿನವೂ ಸಂಜೆ ನನ್ನೊಡನೆ ನಡೆದ ಗೆಳೆಯರಿಗೆ, ರಜೆಗೆ ಕಾರಣ ಕೇಳದ ಕಚೇರಿಯವರಿಗೆ, ಫೋನಿನಲ್ಲಿ ಅಳುವನ್ನು ಅಡಗಿಸಿಕೊಂಡ ಅಮ್ಮನಿಗೆ ಮನಸಾರೆ ವಂದನೆಗಳು.

ಅತ್ತಿಗೆ, ಇಷ್ಟನ್ನೂ ಎದುರು ಕುಳಿತು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ. ಎದ್ದು ಹೊರಗೆ ಕೂರುತ್ತೇನೆ, ನಿದ್ದೆ ಬಂದರೆ ಹೋಗುತ್ತೇನೆ, ಬಾರದಿದ್ದರೆ ಬೆಳಗಾಗುತ್ತದೆ. ಆ ರಾತ್ರಿಯಿಂದ ಇವತ್ತಿನವರೆಗೆ ನೀವು ಮೊಬೈಲನ್ನು ದಿಂಬಿನ ಬಳಿಯೇ ಇಟ್ಟುಕೊಂಡು ಅರೆನಿದ್ದೆಯಲ್ಲಿ ಮಲಗುತ್ತೀರಿ ಎಂದು ಅಣ್ಣ ಹೇಳಿದ. ಕಷ್ಟದ ರಾತ್ರಿ ಬಂದರೆ ಯಾರನ್ನು ಕರೆಯಬೇಕೆಂದು ವೈದ್ಯರ ಜೊತೆ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆದಿದ್ದೇನೆ. ಮೊದಲು ಆಸ್ಪತ್ರೆಯ ತುರ್ತು ಸಂಖ್ಯೆ, ಆಮೇಲೆ ಅಣ್ಣ, ಆಮೇಲೆ ಇಬ್ಬರು ಗೆಳೆಯರು. ಎಲ್ಲರೂ ಒಪ್ಪಿದ್ದಾರೆ. ನಿಮ್ಮ ಹೆಸರು ಕೊನೆಯಲ್ಲಿದೆ. ಇನ್ನು ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಮಲಗಿ.