ಕೆಡವುವ ಮುನ್ನ ಮರಳಿ ಮನೆ ಕೊಡುವ ಮಾತು ಬರಹದಲ್ಲಿರಲಿ

ಮಾನ್ಯ ಸಂಪಾದಕರೇ,

ತುಮಕೂರಿನ ಹಳೆಯ ಸರ್ಕಾರಿ ವಸತಿ ಸಮುಚ್ಚಯವೊಂದರಲ್ಲಿ ನಮ್ಮ ಕುಟುಂಬ ಎರಡು ತಲೆಮಾರಿನಿಂದ ವಾಸವಾಗಿದೆ. ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಲಿರುವುದರಿಂದ ಹದಿನೈದು ದಿನಗಳೊಳಗೆ ಮನೆ ಖಾಲಿ ಮಾಡಬೇಕೆಂಬ ನೋಟಿಸನ್ನು ಕಳೆದ ವಾರ ಪ್ರತಿ ಬಾಗಿಲಿಗೂ ಅಂಟಿಸಿ ಹೋಗಿದ್ದಾರೆ. ತೆರವಿನ ಗಡುವು ಮತ್ತು ತಪ್ಪಿದರೆ ಜರುಗಿಸುವ ಕ್ರಮವನ್ನು ವಿವರವಾಗಿ ಬರೆದಿರುವ ಆ ನೋಟಿಸಿನಲ್ಲಿ, ಹೊಸ ಕಟ್ಟಡ ಮುಗಿಯುವವರೆಗೆ ನಾವು ಎಲ್ಲಿರಬೇಕು, ಅದರಲ್ಲಿ ನಮಗೆ ಮನೆ ಉಂಟೇ ಎಂಬ ಬಗ್ಗೆ ಒಂದು ಅಕ್ಷರವೂ ಇಲ್ಲ.

ಕಟ್ಟಡ ಶಿಥಿಲವಾಗಿರುವುದು ನಿಜ. ನಮ್ಮ ಅಡುಗೆಮನೆಯ ಚಾವಣಿಯಲ್ಲಿ ಗಾರೆ ಉದುರಿ ತುಕ್ಕು ಹಿಡಿದ ಕಂಬಿಗಳು ಕಾಣುತ್ತಿದ್ದು, ಮಳೆ ಬಂದಾಗ ಒಲೆಯ ಪಕ್ಕದಲ್ಲೇ ಬಕೆಟ್ ಇಡುತ್ತೇವೆ. ಹೊಸ ಕಟ್ಟಡ ನಮಗೂ ಬೇಕು. ಮೊದಲು ಒಕ್ಕಲೆಬ್ಬಿಸಿ, ಉಳಿದದ್ದನ್ನು ಆಮೇಲೆ ನೋಡೋಣ ಎನ್ನುವ ಕ್ರಮಕ್ಕೆ ನಮ್ಮ ವಿರೋಧವಿದೆ.

ಎದುರು ಮನೆಯ ಅಜ್ಜಿ ಬೀಡಿ ಕಟ್ಟಿ ಬದುಕುವವರು. ಹಂಚಿಕೆ ಪತ್ರ ತೀರಿಕೊಂಡ ಗಂಡನ ಹೆಸರಿನಲ್ಲಿದೆ, ಕರೆಂಟ್ ಬಿಲ್ಲೂ ಆ ಹೆಸರಿಗೇ ಬರುತ್ತದೆ. ಅಜ್ಜಿಯ ಹೆಸರಿರುವುದು ರೇಷನ್ ಕಾರ್ಡಿನಲ್ಲಿ ಮಾತ್ರ. ಇಂದು ಯಾರಾದರೂ ಸಮೀಕ್ಷೆಗೆ ಬಂದರೆ ಅಜ್ಜಿ ಹೊಸ್ತಿಲಲ್ಲಿ ಮೊರ ಇಟ್ಟುಕೊಂಡು ಕುಳಿತಿರುವುದೇ ಸಾಕ್ಷಿ. ಕಟ್ಟಡ ನೆಲಸಮವಾದ ಮೇಲೆ ಫಲಾನುಭವಿಗಳ ಪಟ್ಟಿ ತಯಾರಿಸುವವರಿಗೆ ಅವರು ಯಾವ ಬಾಗಿಲನ್ನು ತೋರಿಸಬೇಕು? ಎಲೆ, ತಂಬಾಕು ಕೊಡುವ ಅಂಗಡಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬಾಡಿಗೆ ಮನೆ ಹುಡುಕಲು ಅವರ ಜೊತೆ ನಾನೇ ಹೋಗಿದ್ದೆ. ಒಬ್ಬರು ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು, ಇನ್ನೊಬ್ಬರು ಅದಕ್ಕೂ ಮೊದಲು ಜಾತಿ ಕೇಳಿದರು. ಆಷಾಢದಲ್ಲಿ ಮನೆ ಬದಲಿಸುವುದುಂಟೇ ಎಂದು ಅಜ್ಜಿ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಬದಲಿಸಲು ಮನೆ ಸಿಕ್ಕರೆ ತಾನೇ ಆ ಮಾತು.

ನಮ್ಮ ಆತಂಕಕ್ಕೆ ಕಾರಣವಿದೆ. ಬೆಂಗಳೂರಿನ ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲರಾದವರಿಗೆಂದು ಕಟ್ಟಿದ್ದ ವಸತಿ ಸಮುಚ್ಚಯದ ಜಾಗದಿಂದ 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಮರುನಿರ್ಮಾಣದ ಹೆಸರಿನಲ್ಲಿ ತೆರವುಗೊಳಿಸಲಾಯಿತು. ಹಲವರು ಅಲ್ಲೇ ಫುಟ್‌ಪಾತಿನಲ್ಲಿ ತಾಡಪಾಲು ಕಟ್ಟಿಕೊಂಡು ದಿನ ದೂಡಬೇಕಾಯಿತು. ಮುಂಬೈ ಬೀದಿಬದಿ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ, ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತ್ತು. ತೆರವಿಗೆ ಅನುಮತಿ ಕೊಟ್ಟ ಆ ತೀರ್ಪು ಕೂಡ ಮಳೆಗಾಲ ಮುಗಿಯುವವರೆಗೆ ಗುಡಿಸಲುಗಳನ್ನು ಮುಟ್ಟಬಾರದೆಂದು ತಡೆದಿತ್ತು. ಇದ್ದ ಜಾಗದಲ್ಲೇ ಕೊಳೆಗೇರಿಗಳ ಮರುನಿರ್ಮಾಣಕ್ಕೆ 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ಮಾರ್ಗಸೂಚಿಯೇ ತಾತ್ಕಾಲಿಕ ವಸತಿಯ ವ್ಯವಸ್ಥೆಯನ್ನು ಹೇಳಿತ್ತು. ನಮ್ಮದು ಯಾವ ಯೋಜನೆಯಡಿ ಬರುತ್ತದೆಂದು ಕಚೇರಿಯಲ್ಲಿ ಕೇಳಿದರೆ, ಕಡತ ಮೇಲಿನವರ ಬಳಿ ಇದೆ ಎಂಬ ಉತ್ತರ ಬಂತು.

ಸಮುಚ್ಚಯದ ಹಿಂದೆ ಈಗ ಲಾರಿಗಳು ನಿಲ್ಲುವ ಖಾಲಿ ಜಾಗವಿದೆ. ಮೊದಲ ಬ್ಲಾಕನ್ನು ಅಲ್ಲಿ ಕಟ್ಟಿ, ತೀರಾ ಅಪಾಯದಲ್ಲಿರುವ ಮನೆಗಳವರನ್ನು ಅದಕ್ಕೆ ಸ್ಥಳಾಂತರಿಸಿ, ಅವರು ಬಿಟ್ಟ ಬ್ಲಾಕನ್ನು ಕೆಡವಿ ಮುಂದುವರಿದರೆ ಯಾರೂ ಬೀದಿಗೆ ಬೀಳುವುದಿಲ್ಲ. ಅಷ್ಟು ದಿನ ಕಾಯಲಾಗದಷ್ಟು ಕಟ್ಟಡ ಅಪಾಯದಲ್ಲಿದ್ದರೆ ಹತ್ತಿರದಲ್ಲೇ ತಾತ್ಕಾಲಿಕ ವಸತಿ ಅಥವಾ ಬಾಡಿಗೆ ಹಣ ಕೊಡಬೇಕು. ಅದಕ್ಕೂ ಮೊದಲು ನಿವಾಸಿಗಳ ಸಮ್ಮುಖದಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ಈಗ ವಾಸವಿರುವವರ ಹೆಸರು, ಮನೆ ಸಂಖ್ಯೆ ಹಾಗೂ ಹೊಸ ಮನೆ ಹಸ್ತಾಂತರಿಸುವ ಅವಧಿಯನ್ನು ನಮೂದಿಸಿದ, ಮೊಹರು ಹಾಕಿದ ಪತ್ರವನ್ನು ಪ್ರತಿ ಕುಟುಂಬಕ್ಕೂ ಕೊಡಬೇಕು. ಅಲ್ಲಿಯವರೆಗೆ ನೋಟಿಸನ್ನು ಹಿಂಪಡೆಯಬೇಕು. ಆ ಪತ್ರ ಕೈಸೇರಿದ ವಾರದಲ್ಲೇ ನಾವೇ ಪಾತ್ರೆ ಪಗಡ ಕಟ್ಟಿಕೊಂಡು ಜಾಗ ತೆರವು ಮಾಡಿಕೊಡುತ್ತೇವೆ.

– ವಸತಿ ಸಮುಚ್ಚಯದ ನಿವಾಸಿ, ತುಮಕೂರು