ಬಟನ್ ಒತ್ತಿದರೆ ಮಡಚುವ ಹಾಯಿ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಹಾಯಿದೋಣಿ ಪ್ರವಾಸದ ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಆದರೆ ಎರಡು ಮಾತು ಕಣ್ಣಿಗೆ ಚುಚ್ಚಿದವು. ಹಾಯಿ ಅಂದರೆ ಗಾಳಿಪಟದಂಥ ಬಟ್ಟೆ, ಹಿಂದಿನಿಂದ ಗಾಳಿ ತಳ್ಳಿದರೆ ದೋಣಿ ಮುಂದೆ ಹೋಗುತ್ತದೆ ಅಂತ ಬರೆದದ್ದು ಒಂದು. ಬಟನ್ ಒತ್ತಿದರೆ ಕೂವೆಮರದೊಳಗೆ, ಅಂದರೆ ದೋಣಿಯ ನಡುಗಂಬದೊಳಗೆ, ತಾನೇ ಸುತ್ತಿಕೊಳ್ಳುವ ಹಾಯಿಯೇ ದೂರ ಹೋಗುವವರಿಗೆ ಎಲ್ಲಕ್ಕಿಂತ ಒಳ್ಳೆಯದು ಅಂದದ್ದು ಇನ್ನೊಂದು. ನಾನು ಗುಳೇದಗುಡ್ಡದ ಮಗ್ಗದ ಮನೆಯವನು. ಹನ್ನೊಂದು ವರ್ಷ ಗೋವಾದಲ್ಲಿ ಹಾಯಿ ಹೊಲಿದು, ರಿಪೇರಿ ಮಾಡಿ, ಆಗಾಗ ದೋಣಿ ಜೊತೆ ಕೊಚ್ಚಿ ತನಕ ಹೋಗಿ, ಈಗ ಊರಿಗೆ ವಾಪಸ್ ಬಂದಿದ್ದೇನೆ. ಸಮುದ್ರವೇ ಇಲ್ಲದ ಜಿಲ್ಲೆಯವನಿಗೆ ಇದರ ಉಸಾಬರಿ ಯಾಕೆ ಅಂತ ನಗಬೇಡಿ.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಬರೀ ಹಿಂದಿನಿಂದ ತಳ್ಳುವುದಾದರೆ ದೋಣಿ ಗಾಳಿ ಹೋದ ಕಡೆಗೇ ಹೋಗಬೇಕಿತ್ತು, ಮನೆಗೆ ವಾಪಸ್ ಬರುವುದು ಹೇಗೆ? ಹೊಟ್ಟೆ ಉಬ್ಬಿದ ಹಾಯಿ ಹಕ್ಕಿಯ ರೆಕ್ಕೆಯ ಹಾಗೆ ಕೆಲಸ ಮಾಡುತ್ತದೆ. ತಳದಲ್ಲಿರುವ ಭಾರದ ಹಲಗೆ ದೋಣಿ ಪಕ್ಕಕ್ಕೆ ಜಾರದ ಹಾಗೆ ಹಿಡಿಯುತ್ತದೆ. ಎರಡೂ ಸೇರಿ ಎದುರು ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ದೋಣಿ ಮುಂದೆ ಹೋಗುತ್ತದೆ.

ಎಲ್ಲ ಆ ಹೊಟ್ಟೆಯ ಆಕಾರದಲ್ಲೇ ಇದೆ, ಅದಕ್ಕೇ ಬಟ್ಟೆ ಮುಖ್ಯ. ಪ್ರವಾಸದ ದೋಣಿಗಳಲ್ಲಿ ಮೇನ್‌ಸೇಲ್, ಅಂದರೆ ಕೂವೆಮರಕ್ಕೆ ಕಟ್ಟುವ ದೊಡ್ಡ ಹಾಯಿ, ಜಾಸ್ತಿ ಇರುವುದು ಡೇಕ್ರಾನ್ ಬಟ್ಟೆಯದು. ನಮ್ಮ ಅಂಗಿಯಲ್ಲಿರುವ ಪಾಲಿಯೆಸ್ಟರ್ರೇ, ಆದರೆ ತುಂಬಾ ಒತ್ತಾಗಿ ನೇಯ್ದು, ನಾವು ಮಗ್ಗದ ಹಾಸು ನೂಲಿಗೆ ಗಂಜಿ ಹಾಕುವ ಹಾಗೆ ಅವರು ರಾಳ ಹಾಕಿ ಗಟ್ಟಿ ಮಾಡಿರುತ್ತಾರೆ. ಒಮ್ಮೆ ರಜೆಗೆ ಬಂದಾಗ ಅದರ ಒಂದು ತುಂಡು ಅಪ್ಪನ ಕೈಗೆ ಕೊಟ್ಟೆ. ಉದ್ದಕ್ಕೆ ಎಳೆದರು, ಅಡ್ಡಕ್ಕೆ ಎಳೆದರು, ಅಲುಗಲಿಲ್ಲ. ಆಮೇಲೆ ಮೂಲೆಯಿಂದ ಮೂಲೆಗೆ ಎಳೆದು, "ನೋಡಪಾ, ಎಂಥಾ ಅರಬಿ ಇದ್ರೂ ಓರೆ ಎಳದ್ರ ಹಿಗ್ಗತೈತಿ" ಅಂದರು. ಹಾಯಿ ಕತ್ತರಿಸುವವರ ಪೂರ್ತಿ ಕಸುಬು ಆ ಒಂದು ಮಾತಿನಲ್ಲಿದೆ. ಹಾಯಿಯ ಹಿಂದಂಚಿನ ಮೇಲೆ ಎಳೆತ ಜಾಸ್ತಿ. ಅದಕ್ಕೇ ಬಟ್ಟೆಯ ಪಟ್ಟಿಗಳನ್ನು ಅಡ್ಡಕ್ಕೆ ಜೋಡಿಸಿ, ಹೊಕ್ಕಿನ ನೂಲು, ಅಂದರೆ ಬಟ್ಟೆಯ ಅಡ್ಡ ನೂಲು, ಆ ಅಂಚಿನ ಉದ್ದಕ್ಕೆ ಬರುವ ಹಾಗೆ ಕತ್ತರಿಸುತ್ತಾರೆ. ಬಟ್ಟೆ ಹಿಗ್ಗಿತೋ, ಹೊಟ್ಟೆ ಇನ್ನೂ ಆಳವಾಗಿ ಹಿಂದಕ್ಕೆ ಸರಿಯುತ್ತದೆ, ದೋಣಿ ವಾಲುವುದೇ ಜಾಸ್ತಿ, ಮುಂದೆ ಹೋಗುವುದು ಕಡಿಮೆ. ರೇಸಿನವರು ಬಳಸುವ ಅಂಟಿಸಿದ ಪದರದ ಹಾಯಿ ಆಕಾರ ಚೆನ್ನಾಗಿ ಹಿಡಿಯುತ್ತದೆ, ಆದರೆ ದುಬಾರಿ, ಬಿಸಿಲಿಗೆ ಪದರ ಬಿಡುತ್ತದೆ. ಪ್ರವಾಸಕ್ಕೆ ನಾನಂತೂ ತೆಗೆದುಕೊಳ್ಳಲ್ಲ.

ಈಗ ಬಟನ್ ವಿಷಯ. ಬೆನ್ನು ನೋವಿನ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಹೋಗುವಾಗ ಅದು ವರವೇ, ಇಲ್ಲ ಅನ್ನಲ್ಲ. ಆದರೆ ಕೂವೆಮರದೊಳಗೆ ಸುತ್ತಬೇಕಾದರೆ ಹಾಯಿಯನ್ನು ಬಿಡಿಸಿ ಹಿಡಿಯುವ, ಬಿದಿರುಕಡ್ಡಿಯಂಥ ಅಡ್ಡ ಕಡ್ಡಿಗಳು ಇರುವಂತಿಲ್ಲ. ಕಡ್ಡಿ ಇಲ್ಲದೆ ಹಿಂದಂಚು ಹೊರಗೆ ಉಬ್ಬಿ ನಿಲ್ಲಲ್ಲ, ಹಾಗಾಗಿ ಆ ಅಂಚನ್ನು ಒಳಗೇ ಕೊರೆದು ಹೊಲಿಯುತ್ತಾರೆ, ಹಾಯಿ ಚಿಕ್ಕದಾಗುತ್ತದೆ. ಮೇಲಾಗಿ ಹಳೆಯದಾಗಿ ಜೋತುಬಿದ್ದ ಹಾಯಿ ಸುತ್ತುವಾಗ ಸುಕ್ಕುಗಟ್ಟಿ ಸೀಳಿನಲ್ಲಿ ಸಿಕ್ಕಿಕೊಂಡರೆ ಒಳಗೂ ಹೋಗಲ್ಲ, ಹೊರಗೂ ಬರಲ್ಲ, ಕೆಳಗೆ ಇಳಿಸಲೂ ಆಗಲ್ಲ. ಗಾಳಿ ಜೋರಾದಾಗ ಇಂಥದ್ದು ಆದರೆ ಬಟನ್ ಇಟ್ಟುಕೊಂಡು ಏನು ಮಾಡುತ್ತೀರಿ? ನನ್ನ ಲೆಕ್ಕ ಇಷ್ಟೇ: ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ಒಬ್ಬರೇ ಹಗ್ಗ ಬಿಟ್ಟರೆ ಧಪ್ ಅಂತ ಕೆಳಗೆ ಬೀಳುವ ಹಾಯಿಯೇ ಒಳ್ಳೆಯ ಹಾಯಿ.

ಗಾಳಿ ಬಂದಾಗ ತೂರಿಕೋ ಅಂತಾರೆ ನಮ್ಮಲ್ಲಿ. ಅಲ್ಲಿ ತಿರುವುಮುರುವು, ಗಾಳಿ ಬರುವ ಮೊದಲೇ ಮಡಚಿಕೊಳ್ಳಬೇಕು. ಗಾಳಿಯ ವೇಗ 10 ನಾಟ್‌ನಿಂದ 20 ಆದರೆ ಹಾಯಿ ಮೇಲಿನ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆಷಾಢದಲ್ಲಿ ತಾಡಪತ್ರಿ ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಯಿ ಚಿಕ್ಕದು ಮಾಡುವುದಕ್ಕೆ ರೀಫ್ ಹಾಕುವುದು ಅಂತಾರೆ. ದೂರ ಹೋಗುವವರು ಮೂರು ಹಂತ ಇಡಿಸಿಕೊಳ್ಳಲಿ. ಮೊದಲು ಬೂಮ್‌ನ, ಅಂದರೆ ಹಾಯಿಯ ಕೆಳಗಂಚಿನ ಅಡ್ಡ ಮರದ, ತೂಕ ಹಿಡಿಯುವ ಹಗ್ಗ ಬಿಗಿ ಮಾಡಿ, ಬೂಮ್ ಎಳೆಯುವ ಹಗ್ಗ ಸಡಿಲ ಬಿಟ್ಟು ಹಾಯಿ ಪಟಪಟ ಅನ್ನಲಿ. ಆಮೇಲೆ ಹಾಯಿ ಎತ್ತುವ ಹಗ್ಗ ಬೇಕಾದಷ್ಟು ಇಳಿಸಿ, ಹಾಯಿಯ ಮುಂದಂಚಿನ ಬಳೆಯನ್ನು ಕೊಕ್ಕೆಗೆ ಹಾಕಿ, ಎತ್ತುವ ಹಗ್ಗವನ್ನು ಮತ್ತೆ ಬಿಗಿ ಮಾಡಿ, ಕಡೆಗೆ ಹಿಂದಿನ ಮೂಲೆಯನ್ನು ಬೂಮ್‌ಗೆ ಎಳೆಯಿರಿ. ಸಾಲು ತಪ್ಪಿಸಿ ಹಿಂದಿನದನ್ನು ಮೊದಲು ಎಳೆದರೆ ಬಟ್ಟೆಯ ಮೇಲೆ ಸುಮ್ನೆ ಜುಲುಮೆ.

ಕೆಳಗೆ ಉಳಿದ ಬಟ್ಟೆಯನ್ನು ಕಟ್ಟಲು ಸಾಲಾಗಿ ಸಣ್ಣ ದಾರಗಳಿರುತ್ತವೆ. ಇವು ಬರೀ ಸೆರಗು ಸಿಕ್ಕಿಸಿದ ಹಾಗೆ, ಭಾರ ಹೊರುವುದಕ್ಕಲ್ಲ. ಭಟ್ಕಳದ ಮುಂದೆ ಒಂದು ಬೆಳಗಿನ ಜಾವ, ಗಾಳಿ ಇಳಿಯಿತು ಅಂತ ರೀಫ್ ಬಿಚ್ಚಲು ಹೊರಟೆ. ನಾಲ್ಕು ದಾರ ಬಿಚ್ಚಿದೆ. ಇದ್ದದ್ದು ಐದು. ಖುಷಿಯಾಗಿ ಹಗ್ಗ ಎಳೆಯುವ ರಾಟೆ, ವಿಂಚ್, ತಿರುಗಿಸುತ್ತಿದ್ದೇನೆ, ಯಾಕೋ ಬಿಗಿ ಅನ್ನಿಸಿತು, ಇನ್ನೊಂದು ಸುತ್ತು ಹಾಕಿದೆ, ಟರ್ರ್ ಅಂತ ಆ ಐದನೆಯ ದಾರದ ರಂಧ್ರದಿಂದ ಹೊರಟ ಹರಕು ಮೊಳದುದ್ದ ಹೋಗಿ ನಿಂತಿತು. ದೋಣಿಯ ಮಾಲೀಕರು ಬಯ್ಯಲಿಲ್ಲ, ಅದೇ ಇನ್ನೂ ಕಷ್ಟ. ಕೊಚ್ಚಿ ಮುಟ್ಟುವ ತನಕ ರೀಫ್ ಹಾಕಿದ ಹಾಯಿಯಲ್ಲೇ ಹೋದೆವು.

ಹಿಂದಿನಿಂದ ಗಾಳಿ ಇದ್ದಾಗ ಇನ್ನೊಂದು ಅಪಾಯ ಉಂಟು. ಗಾಳಿ ಸ್ವಲ್ಪ ಪಕ್ಕ ಬದಲಿಸಿದರೆ ಬೂಮ್ ಈ ಬದಿಯಿಂದ ಆ ಬದಿಗೆ ಒನಕೆ ಬೀಸಿದಂತೆ ಬರುತ್ತದೆ, ತಲೆ ಸಿಕ್ಕರೆ ಮುಗಿಯಿತು. ಬೂಮ್‌ನ ತುದಿಯಿಂದ ದೋಣಿಯ ಮೂತಿ ಕಡೆಗೆ ಒಂದು ಹಗ್ಗ ಕಟ್ಟಿಟ್ಟರೆ ಅದು ಅಲ್ಲೇ ನಿಲ್ಲುತ್ತದೆ.

ಹಳೆಯ ಹಾಯಿ ಕೊಳ್ಳುವವರು ಬಟ್ಟೆಯ ಬಿಳುಪಿಗೆ ಮರುಳಾಗಬೇಡಿ. ಹೊಲಿಗೆಯ ದಾರ ಬಟ್ಟೆಯ ಮೇಲೆ ಎದ್ದು ಕೂತಿರುತ್ತದೆ, ಬಿಸಿಲು ಮೊದಲು ತಿನ್ನುವುದು ಅದನ್ನೇ. ಹೆಬ್ಬೆರಳಿನ ಉಗುರು ಅಡ್ಡ ಹಾಕಿ ಗೀರಿ. ದಾರ ಪುಡಿಪುಡಿಯಾಗಿ ಎದ್ದರೆ ಪೂರ್ತಿ ಹೊಸ ಹೊಲಿಗೆಯ ಖರ್ಚು ಸೇರಿಸಿ ಲೆಕ್ಕ ಹಾಕಿ.

ಲೇಖನದಲ್ಲಿ ನಮ್ಮವರ ಒಂದು ಮಾತೂ ಇರಲಿಲ್ಲ. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ, ಇಬ್ಬರೇ, ತಾರಿಣಿ ಅನ್ನುವ 56 ಅಡಿಯ ಹಾಯಿದೋಣಿಯಲ್ಲಿ ಭೂಮಿ ಸುತ್ತಿ 2025ರ ಮೇ 29ಕ್ಕೆ ವಾಪಸ್ ಬಂದರು. ಒಬ್ಬರು ಮಲಗಿದಾಗ ಇನ್ನೊಬ್ಬರು ಒಂಟಿಯಾಗಿ ದೋಣಿ ನೋಡಿಕೊಳ್ಳಬೇಕು, ಯೋಚಿಸಿ. ಖಾನಾಪುರದಲ್ಲಿ ಹುಟ್ಟುವ ಮಹದಾಯಿ ಅಂದರೆ ನಿಮ್ಮ ಪತ್ರಿಕೆಯಲ್ಲಿ ಬರೀ ನೀರಿನ ಜಗಳ, ಅಲ್ವಾ? ಅದೇ ನದಿಯ ಹೆಸರಿನ ದೋಣಿಯಲ್ಲಿ ನೌಕಾಪಡೆಯ ಅಭಿಲಾಷ್ ಟಾಮಿ 2013ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದರು.

ಭಟ್ಕಳದಲ್ಲಿ ಹರಿದ ಹಾಯಿಯ ಕೆಳಗಿನ ತುಂಡು ಈಗ ನಮ್ಮ ಮನೆ ಕಟ್ಟೆಯ ಮೇಲೆ ನೆರಳಿಗೆ ಕಟ್ಟಿದೆ. ಲೇಖನ ಬರೆದವರು ಈ ಕಡೆ ಬಂದರೆ ಚಹಾ ಕುಡಿದು, ಉಗುರು ಹಾಕಿ ನೋಡಿ ಹೋಗಲಿ.

ಇಂತಿ,
ನಿಮ್ಮ ಓದುಗ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ