ಅಜ್ಜಿಯನ್ನು ಇಬ್ಬರೂ ಸೇರಿ ನೋಡಿಕೊಳ್ಳೋಣ

ಪ್ರೀತಿಯ ಪುಟ್ಟಿ,

"ಜರ್ಮನಿಯಲ್ಲಿ ಕೂತು ನಾನೇನು ಮಾಡಲಿ ಅಮ್ಮ?" ಅಂತ ಕೇಳಿದೆಯಲ್ಲ, ಆ ಮಾತು ಮನಸ್ಸಿನಲ್ಲೇ ಉಳಿದಿದೆ. ನಾನೂ ದೂರದಲ್ಲೇ ಇದ್ದೇನೆ ಕಣೇ. ವೈಟ್‌ಫೀಲ್ಡಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಹಿಡಿದು, ಮಲ್ಲೇಶ್ವರದ ಮನೆ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಆಗುತ್ತದೆ. ಆಫೀಸಿದ್ದ ದಿನ ಅದೂ ಆಗುವುದಿಲ್ಲ. ಅಜ್ಜಿ ಆ ಮನೆ ಬಿಟ್ಟು ಬರುವುದಿಲ್ಲ. ಎಂಟನೇ ಕ್ರಾಸಿನ ತರಕಾರಿ, ಅಕ್ಕಪಕ್ಕದವರ ಮಾತು, ಅವರ ಜೀವ ಎಲ್ಲ ಅಲ್ಲೇ ಇದೆ. ಬಲವಂತ ಮಾಡೋಕೆ ನನಗೂ ಇಷ್ಟವಿಲ್ಲ.

ನೀನು "ಊಟ ಆಯ್ತಾ, ಮಾತ್ರೆ ತಗೊಂಡ್ರಾ" ಅಂತ ಕೇಳ್ತೀಯ. "ಎಲ್ಲಾ ಆಯ್ತು" ಅಂತಾರೆ. ನನಗೂ ಅದೇ ಉತ್ತರ. ಇನ್ನು ಮೇಲೆ ವಿಡಿಯೋ ಕಾಲ್ ಮಾಡು. ಇವತ್ತು ಹುಳಿಗೆ ಏನು ಹಾಕಿದ್ರಿ, ತೋರಿಸಿ ಅನ್ನು. ಅಡುಗೆಮನೆಗೆ ಹೋಗುವಾಗ ಗೋಡೆ ಹಿಡಿಯುತ್ತಾರಾ? ಪಾದ ಊದಿದೆಯಾ? ಮಾತ್ರೆ ಡಬ್ಬಿಯಲ್ಲಿ ನಿನ್ನೆಯದು ಹಾಗೇ ಉಳಿದಿದೆಯಾ? ಸುಮ್ನೆ ನೋಡು. ನಾನು ಗಾಬರಿಯಾಗುತ್ತೇನೆ ಅಂತ ನನ್ನಿಂದ ಮುಚ್ಚಿಡೋದನ್ನೆಲ್ಲ ನಿನ್ನ ಹತ್ತಿರ ಹೇಳಿಬಿಡ್ತಾರೆ. ಮೊಮ್ಮಗಳ ಮೇಲೆ ಅಷ್ಟು ಸಲಿಗೆ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಟ್ಟುಕೋ. ಬಾಯಿ ಒಂದು ಕಡೆ ವಾಲಿದರೆ, ಮಾತು ತೊದಲಿದರೆ, ಒಂದು ಕೈ ಮೇಲೆತ್ತಲು ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡೋದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ. ಮೊದಲು ಕೆಳಗಿನ ಮನೆ ಆಂಟಿಗೆ ಫೋನ್ ಮಾಡು, ಆಮೇಲೆ ನನಗೆ. ಅಲ್ಲಿಂದ ನಿನಗೆ ನಮ್ಮ 108 ಸಿಗೋದಿಲ್ಲ, ಅವರು ಆಂಬುಲೆನ್ಸ್ ಕರೆಸುತ್ತಾರೆ. ಆಂಟಿ ಹತ್ತಿರ ಬೀಗದ ಕೈ ಕೊಟ್ಟಿದ್ದೇನೆ, ಅವರ ನಂಬರ್ ಇವತ್ತೇ ಕಳಿಸುತ್ತೇನೆ.

ಇನ್ನೊಂದು ಕೆಲಸ ಪೂರ್ತಿ ನಿನ್ನದು. ತಾತನ ರೈಲ್ವೆ ಪಿಂಚಣಿ ಅಜ್ಜಿಗೆ ಬರುತ್ತಿದೆಯಲ್ಲ, ಅದಕ್ಕೆ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬದುಕಿದ್ದೇನೆ ಅನ್ನುವ ಪ್ರಮಾಣಪತ್ರ ಕೊಡಬೇಕು. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು. ದಿನ ಗೊತ್ತುಮಾಡಿ ನೀನು ಹೇಳು, ಫೋನ್ ನಾನು ಹಿಡಿಯುತ್ತೇನೆ. ಅವರನ್ನು ಬ್ಯಾಂಕಿನ ಸಾಲಿನಲ್ಲಿ ನಿಲ್ಲಿಸೋದು ಬೇಡ.

ಅಜ್ಜಿ ಮಧ್ಯಾಹ್ನ ಮಲಗಿ ಏಳೋದು ನಾಲ್ಕಕ್ಕೆ. ಈಗ ನಿಮ್ಮಲ್ಲಿ ಬೇಸಿಗೆ ಅಲ್ವಾ, ಆಗ ನಿನಗೆ ಹನ್ನೆರಡೂವರೆ. ಊಟದ ಬಿಡುವಿನಲ್ಲಿ ಮಾಡು.

ನಿನ್ನ ಅಮ್ಮ